ಇಪ್ಪತ್ತೆಂಟು ಕೀಲುಗಳ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಜುಲೈ ಕಳೆಯಿತೆಂದರೆ ಹೊಗೆಸೊಪ್ಪಿನ ಕೆಲಸ ಕೈಗೆ ಬಿಡುವು ಕೊಡುವುದಿಲ್ಲ. ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು. ಬೆಂದು ಬಂದ ಸೊಪ್ಪನ್ನು ಬಿಚ್ಚಿ, ಬಣ್ಣ ನೋಡಿ ವಿಂಗಡಿಸಿ, ಬೇಲ್ ಮಾಡಿ ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹರಾಜಿಗೆ ಸಾಗಿಸಬೇಕು. ಕೆ.ಆರ್. ನಗರದ ನೀರಾವರಿ ಬಯಲಲ್ಲಿ ಮಳೆಗಾಲವೆಂದರೆ ಭತ್ತದ ನಾಟಿ. ಈ ಎಲ್ಲ ಕೆಲಸವೂ ನಿಂತಿರುವುದು ಹತ್ತು ಬೆರಳು ಮತ್ತು ಎರಡು ಮಣಿಕಟ್ಟಿನ ಮೇಲೆ. ರುಮಟಾಯ್ಡ್ ಸಂಧಿವಾತ ಮೊದಲು ಹಿಡಿಯುವುದೂ ಸಾಮಾನ್ಯವಾಗಿ ಅವನ್ನೇ.

ಈ ಕಾಯಿಲೆ ಇದೆಯೆಂದು ಹೊಸದಾಗಿ ತಿಳಿದುಕೊಂಡವರಿಗೆ, ಅವರ ಮನೆಯವರಿಗೆ, ಊರಿನ ಆಶಾ ಕಾರ್ಯಕರ್ತೆಯರಿಗೆ ಮತ್ತು ಈಗಷ್ಟೇ ಆಸ್ಪತ್ರೆ ಕೆಲಸಕ್ಕೆ ಸೇರಿದ ನರ್ಸ್‌ಗಳಿಗೆ ಈ ಲೇಖನ. ಕಾಯಿಲೆಯ ಬಗ್ಗೆ ಹೇಳಲು ನೂರು ವಿಷಯಗಳಿವೆ. ನಾನು ಎತ್ತಿಕೊಂಡಿರುವುದು ಒಂದನ್ನೇ: ಕಾಯಿಲೆ ನಿಜಕ್ಕೂ ಅಡಗಿದೆ ಎಂದು ತಿಳಿಯುವುದು ಹೇಗೆ? ವೈದ್ಯರು ರೆಮಿಷನ್ ಎನ್ನುವ ಆ ಸ್ಥಿತಿಯನ್ನು ಇಲ್ಲಿ ಉಪಶಮನ ಎಂದು ಕರೆಯುತ್ತೇನೆ. ಅದನ್ನು ಅಂದಾಜಿನಿಂದ ಹೇಳಲಾಗದು. ಎಣಿಸಿ ಹೇಳಬೇಕು, ಮತ್ತು ಎಣಿಸುವುದನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಕಾಯಿಲೆಯ ಪರಿಚಯ. ಮಂಡಿ ಸವೆದು ಬರುವ ನೋವೇ ಬೇರೆ, ಇದೇ ಬೇರೆ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆಯೇ ತಿರುಗಿ ಬೀಳುತ್ತದೆ. ಪೊರೆ ಊದುತ್ತದೆ, ದಪ್ಪವಾಗುತ್ತದೆ, ಬಿಟ್ಟರೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಬೆಳಿಗ್ಗೆ ಎದ್ದಾಗ ಕೈ ಬಿಗಿದುಕೊಂಡಿರುತ್ತದೆ, ರಾಗಿಮುದ್ದೆ ಕಟ್ಟಲಾಗುವುದಿಲ್ಲ, ಹಾಲು ಕರೆಯಲಾಗುವುದಿಲ್ಲ, ಬಿಗಿತ ಸಡಿಲವಾಗಲು ಒಂದು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಎರಡೂ ಕೈಯಲ್ಲಿ ಒಂದೇ ಬಗೆಯ ಕೀಲುಗಳು ಊದುತ್ತವೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು.

ಎಷ್ಟು ಜನರಿಗೆ? ದೆಹಲಿ ಹತ್ತಿರದ ಹಳ್ಳಿಗಳ ಸಮೀಕ್ಷೆಯೊಂದು 1993ರಲ್ಲಿ ಪ್ರಕಟವಾಯಿತು. ಅದರಲ್ಲಿ ವಯಸ್ಕರ ಪೈಕಿ ಶೇಕಡಾ 0.75 ಮಂದಿಗೆ ಈ ಕಾಯಿಲೆಯಿತ್ತು. ಪುಣೆ ಜಿಲ್ಲೆಯ ಭಿಗವಣದಲ್ಲಿ 1996ರಲ್ಲಿ ಮನೆಮನೆಗೆ ಹೋಗಿ ಕೇಳಿದಾಗ ಸಿಕ್ಕಿದ್ದು ಶೇಕಡಾ ಅರ್ಧದಷ್ಟು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ 2011ರ ಜನಗಣತಿಯ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನರಿದ್ದರು. ವಯಸ್ಕರು ಏಳು ಲಕ್ಷವೆಂದಿಟ್ಟುಕೊಂಡು ಅದೇ ದರವನ್ನು ಇಲ್ಲಿಗೆ ಅನ್ವಯಿಸಿದರೆ ಮೂರೂವರೆಯಿಂದ ಐದು ಸಾವಿರ ಮಂದಿ ಆಗುತ್ತಾರೆ. ಇದು ನನ್ನ ಲೆಕ್ಕವೇ ಹೊರತು ಸಮೀಕ್ಷೆಯ ಅಂಕಿಯಲ್ಲ. ಆದರೂ ಇದು ಎಲ್ಲೋ ಯಾರಿಗೋ ಬರುವ ಅಪರೂಪದ ಕಾಯಿಲೆಯಲ್ಲ ಎಂಬುದು ಇಷ್ಟರಿಂದ ಗೊತ್ತಾಗುತ್ತದೆ.

ಆರಂಭದ ದಿನಗಳ ಬಗ್ಗೆ ಇಷ್ಟು ಒತ್ತು ಏಕೆಂದು ಕೇಳಬಹುದು. ಮೂಳೆ ಒಮ್ಮೆ ಕೊರೆದುಹೋದರೆ ಯಾವ ಗುಳಿಗೆಯೂ ಅದನ್ನು ಹಿಂದಿನಂತೆ ಮಾಡದು. ಈ ಕೊರೆತ ಬಹುತೇಕ ಮೊದಲ ಎರಡು ವರ್ಷಗಳಲ್ಲೇ ಶುರುವಾಗುತ್ತದೆ. ಊತ ಕಾಣಿಸಿದ ಮೂರು ತಿಂಗಳೊಳಗೆ ಸರಿಯಾದ ಔಷಧಿ ಶುರುಮಾಡಿದವರಲ್ಲಿ ಕಾಯಿಲೆ ಪೂರ್ತಿ ಅಡಗುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ನಮ್ಮಲ್ಲಿ ತಡವಾಗುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಚಿಕೂನ್‌ಗುನ್ಯ ಬಂದುಹೋದ ಮನೆಗಳಲ್ಲಿ ಕೀಲುನೋವನ್ನು ಅದರ ಬಾಲವೆಂದೇ ತಿಳಿಯುತ್ತಾರೆ. 2006ರಲ್ಲಿ ಆ ಜ್ವರ ಕರ್ನಾಟಕದ ಉದ್ದಗಲಕ್ಕೂ ಹರಡಿದ ನೆನಪು ಹಿರಿಯರಿಗೆ ಇನ್ನೂ ಇದೆ. ಆ ನೋವು ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಆರು ವಾರ ಕಳೆದರೂ ಬೆರಳ ಗೆಣ್ಣುಗಳ ಊತ ಇಳಿಯದಿದ್ದರೆ ಕಾಯುತ್ತ ಕೂರಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಔಷಧಿ ಶುರುವಾಗಿ ನಾಲ್ಕು ತಿಂಗಳಾಗಿದೆ. ಪಿರಿಯಾಪಟ್ಟಣದ ಕಡೆಯ ಒಬ್ಬ ತಾಯಿ ತಪಾಸಣೆಗೆ ಬಂದಿದ್ದಾರೆ ಎಂದುಕೊಳ್ಳಿ.

“ಹೆಂಗಿದೆ ಅಕ್ಕ ಈಗ?”

“ಪರ್ವಾಗಿಲ್ಲ ಸಾ, ರೂಪಾಯ್ಗೆ ಹನ್ನೆರಡಾಣೆ ವಾಸಿ.”

ಈ ಉತ್ತರ ಕೇಳದ ವೈದ್ಯರು ನಮ್ಮ ಕಡೆ ಇರಲಾರರು. ಬಹಳ ಒಳ್ಳೆಯ ಉತ್ತರ ಅದು. ಆಣೆ ಚಲಾವಣೆಯಿಂದ ಹೋಗಿ ಅರವತ್ತಕ್ಕೂ ಹೆಚ್ಚು ವರ್ಷವಾಗಿದ್ದರೂ ಕಾಯಿಲೆ ಅಳೆಯಲು ಇನ್ನೂ ಕೆಲಸ ಮಾಡುತ್ತಿದೆ. ಆದರೆ ಆಕೆ ಹೇಳುತ್ತಿರುವುದು ಹಿಂದಿಗಿಂತ ಎಷ್ಟು ಕಡಿಮೆಯಾಗಿದೆ ಎಂಬುದನ್ನು. ಈಗ ಎಷ್ಟು ಉಳಿದಿದೆ ಎಂಬುದು ಬೇರೆ ಪ್ರಶ್ನೆ. ಇಪ್ಪತ್ತು ಕೀಲು ಊದಿದ್ದವರಿಗೆ ಹನ್ನೆರಡಾಣೆ ವಾಸಿಯಾದರೆ ಇನ್ನೂ ಐದು ಕೀಲು ಊದಿಯೇ ಇರುತ್ತವೆ. ನಾಲ್ಕೇ ಕೀಲು ಊದಿದ್ದವರಿಗೆ ಅಷ್ಟೇ ವಾಸಿಯಾದರೆ ಉಳಿಯುವುದು ಒಂದು. ಇಬ್ಬರ ಉತ್ತರವೂ ಒಂದೇ, ಮೂಳೆಗೆ ಆಗುವ ಹಾನಿ ಮಾತ್ರ ಒಂದೇ ಅಲ್ಲ. ಸುಧಾರಣೆ ಬೇರೆ, ಉಪಶಮನ ಬೇರೆ. ಈ ಲೇಖನದಿಂದ ಒಂದನ್ನೇ ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಂಡು ಹೋಗಿ.

ಬ್ಯಾರನ್ ನಡೆಸುವ ರೈತರಿಗೆ ಇದನ್ನು ವಿವರಿಸುವುದು ನನಗೆ ಯಾವಾಗಲೂ ಸುಲಭ. ಬಾಗಿಲ ಬಳಿ ಕೈಯೊಡ್ಡಿ, ನಿನ್ನೆಗಿಂತ ಬಿಸಿಯಾಗಿದೆ ಎಂದು ಯಾರೂ ಸೌದೆ ಹಾಕುವುದನ್ನು ನಿಲ್ಲಿಸುವುದಿಲ್ಲ. ಒಳಗಿನ ಥರ್ಮಾಮೀಟರ್ ಇಷ್ಟಕ್ಕೇ ಬರಬೇಕು, ಇಷ್ಟು ಹೊತ್ತು ಅಲ್ಲೇ ನಿಲ್ಲಬೇಕು ಎಂಬ ಗುರಿ ಇರುತ್ತದೆ. ಸಂಧಿವಾತದ ಚಿಕಿತ್ಸೆಗೂ ಹಾಗೆ ಒಂದು ಗುರಿ ಬೇಕು, ಅದನ್ನು ತೋರಿಸುವ ಅಳತೆಗೋಲೂ ಬೇಕು.

ಅಳತೆಗೋಲು ಮಾಡುವ ಪ್ರಯತ್ನ 1981ರಲ್ಲೇ ನಡೆಯಿತು. ಅಮೆರಿಕದ ಪೈನಲ್ಸ್, ಮಾಸಿ ಮತ್ತು ಲಾರ್ಸೆನ್ ಎಂಬ ಮೂವರು ಆರು ಅಂಶಗಳನ್ನು ಕೊಟ್ಟರು. ಬೆಳಗಿನ ಬಿಗಿತ 15 ನಿಮಿಷ ಮೀರಬಾರದು, ಆಯಾಸ ಇರಬಾರದು, ಕೀಲುನೋವು ಇರಬಾರದು, ಒತ್ತಿದಾಗಲೂ ಅಲುಗಿಸಿದಾಗಲೂ ನೋಯಬಾರದು, ಊತ ಇರಬಾರದು, ಇ.ಎಸ್.ಆರ್. ಎಂಬ ರಕ್ತಪರೀಕ್ಷೆಯ ಫಲ ಹೆಂಗಸರಲ್ಲಿ 30ಕ್ಕಿಂತ, ಗಂಡಸರಲ್ಲಿ 20ಕ್ಕಿಂತ ಕಡಿಮೆಯಿರಬೇಕು. ಆರರಲ್ಲಿ ಐದಾದರೂ ಸತತ ಎರಡು ತಿಂಗಳು ನಿಲ್ಲಬೇಕು. ಒಳ್ಳೆಯ ನಿಯಮವೇ. ಆದರೆ ಹೊಲದಲ್ಲಿ ದುಡಿದು ಬಂದು ಮನೆಯ ಕೆಲಸವನ್ನೂ ಮಾಡುವ ಹೆಂಗಸಿಗೆ ಆಯಾಸವಿರಬಾರದು ಎಂದರೆ ಹೇಗೆ? ಆಗಿನ ಔಷಧಿಗಳಿಂದ ಈ ಮಟ್ಟ ಮುಟ್ಟಿದವರೂ ಬಹಳ ಕಡಿಮೆ.

ಆಮೇಲೆ ನೆದರ್‌ಲ್ಯಾಂಡ್ಸ್‌ನ ನೈಮೇಖೆನ್ ನಗರದ ವೈದ್ಯರು 1990ರಲ್ಲಿ ಒಂದು ಅಂಕ ರೂಪಿಸಿದರು, 1995ರಲ್ಲಿ ಅದನ್ನು 28 ಕೀಲುಗಳಿಗೆ ಇಳಿಸಿದರು. ಅದೇ ಡಿ.ಎ.ಎಸ್.-28. ಆ 28 ಕೀಲುಗಳು ಯಾವುವು ಎಂದು ಕೈಯಲ್ಲಿ ಮುಟ್ಟಿ ನೋಡುತ್ತಾ ಓದಿ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಇಲ್ಲಿಗೆ ಎಂಟು. ಮುಷ್ಟಿ ಹಿಡಿದಾಗ ಎದ್ದು ಕಾಣುವ ಬೆರಳ ಬುಡದ ಗೆಣ್ಣುಗಳು, ಹೆಬ್ಬೆರಳದ್ದೂ ಸೇರಿ, ಕೈಗೆ ಐದರಂತೆ ಹತ್ತು. ಬೆರಳ ನಡುಗೆಣ್ಣುಗಳು ಇನ್ನೂ ಹತ್ತು, ಹೆಬ್ಬೆರಳಿಗೆ ಇರುವ ಒಂದೇ ಮಡಿಕೆಯ ಗೆಣ್ಣನ್ನೂ ಇದರಲ್ಲಿ ಸೇರಿಸಿ. ಉಗುರಿನ ಪಕ್ಕದ ತುದಿಗೆಣ್ಣುಗಳು ಲೆಕ್ಕಕ್ಕಿಲ್ಲ. ಅಲ್ಲಿ ಗಟ್ಟಿ ಗಂಟು ಬರುವುದು ಸಾಮಾನ್ಯವಾಗಿ ವಯಸ್ಸಿನ ಸವೆತದಿಂದ.

ಒಂದೊಂದು ಕೀಲಿಗೂ ಎರಡು ಪ್ರಶ್ನೆ. ಒತ್ತಿದರೆ ನೋಯುತ್ತದೆಯೇ? ಊದಿದೆಯೇ? ಒತ್ತುವಾಗ ನಿಮ್ಮ ಹೆಬ್ಬೆರಳ ಉಗುರಿನ ತುದಿ ಬಿಳಿಚುವಷ್ಟು ಬಲ ಸಾಕು, ಅದಕ್ಕಿಂತ ಜೋರಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಒತ್ತುವಾಗ ಬಾಯಿ ಹೇಳುವುದಕ್ಕಿಂತ ಮುಖವನ್ನು ನೋಡಿ. ನಮ್ಮ ಹಳ್ಳಿಯ ಹೆಂಗಸರು ಡಾಕ್ಟರ ಮುಂದೆ ನೋವನ್ನು ನುಂಗಿಕೊಳ್ಳುವುದೇ ಹೆಚ್ಚು. ಇನ್ನು ಊತ. ಇದು ಗಟ್ಟಿಯಲ್ಲ, ಮೆತ್ತಗಿರುತ್ತದೆ. ಕೀಲಿನ ಎರಡು ಬದಿಗೂ ಬೆರಳಿಟ್ಟು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಸವೆತದ ಗಂಟು ಮೂಳೆಯಷ್ಟೇ ಗಟ್ಟಿ. ಇಷ್ಟನ್ನು ಕಲಿಯಲು ವಾರಗಟ್ಟಲೆ ಬೇಡ. ಅನುಭವವಿರುವ ಒಬ್ಬರ ಪಕ್ಕದಲ್ಲಿ ಕುಳಿತು ಹತ್ತಾರು ಕೈಗಳನ್ನು ಮುಟ್ಟಿ ನೋಡಿದರೆ ಬೆರಳು ತಾನೇ ಕಲಿಯುತ್ತದೆ. ಹೊರದೇಶಗಳ ಎಷ್ಟೋ ಕ್ಲಿನಿಕ್ಕುಗಳಲ್ಲಿ ಈ ಎಣಿಕೆ ಮಾಡುವವರು ನರ್ಸ್‌ಗಳೇ.

ಸಾಧ್ಯವಾದಷ್ಟೂ ಪ್ರತಿ ಸಲ ಒಂದೇ ಹೊತ್ತಿಗೆ ಎಣಿಸಿ. ಈ ಕಾಯಿಲೆ ಬೆಳಿಗ್ಗೆ ಜೋರು, ಮಧ್ಯಾಹ್ನಕ್ಕೆ ಇಳಿಮುಖ. ಮೊದಲ ಬಸ್ಸಿಗೆ ಬಂದಾಗ ಎಣಿಸಿದ್ದನ್ನು ಸಂಜೆ ಎಣಿಸಿದ್ದರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಡಿ.ಎ.ಎಸ್.-28ರಲ್ಲಿ ನೋಯುವ ಕೀಲುಗಳ ಎಣಿಕೆ, ಊದಿದ ಕೀಲುಗಳ ಎಣಿಕೆ, ಇ.ಎಸ್.ಆರ್. ಮತ್ತು ರೋಗಿ ತಾನೇ ಕೊಡುವ ಅಂಕ, ಈ ನಾಲ್ಕನ್ನು ಒಂದು ಸೂತ್ರಕ್ಕೆ ಹಾಕುತ್ತಾರೆ. ಸೂತ್ರದಲ್ಲಿ ವರ್ಗಮೂಲವಿದೆ, ಲಾಗರಿದಮ್ ಇದೆ, ಹಾಗಾಗಿ ಕ್ಯಾಲ್ಕುಲೇಟರ್ ಬೇಕು. ಫಲ 5.1ಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಜೋರಾಗಿದೆ, 3.2ರವರೆಗೆ ಇಳಿದರೆ ಕಡಿಮೆಯಾಗಿದೆ, 2.6ಕ್ಕಿಂತ ಕೆಳಗಿದ್ದರೆ ಉಪಶಮನ. ಇಂದಿಗೂ ಅನೇಕ ಚೀಟಿಗಳಲ್ಲಿ ಕಾಣುವುದು ಈ ಅಂಕವೇ.

ಇಲ್ಲಿ ನಮ್ಮ ಕಡೆಗೇ ವಿಶೇಷವಾದ ಒಂದು ತೊಡಕಿದೆ. ಈ ಅಂಕದಲ್ಲಿ ಇ.ಎಸ್.ಆರ್.ನ ತೂಕ ಬಹಳ. ರಕ್ತಹೀನತೆ ಇದ್ದರೆ ಕೀಲಿಗೆ ಸಂಬಂಧವೇ ಇಲ್ಲದೆ ಇ.ಎಸ್.ಆರ್. ಏರುತ್ತದೆ. 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಈಗ ಒಂದು ಲೆಕ್ಕ ಮಾಡಿ. ಒಂದು ಕೀಲೂ ನೋಯುತ್ತಿಲ್ಲ, ಒಂದೂ ಊದಿಲ್ಲ, ಆಕೆ ತನ್ನ ಕಾಯಿಲೆಗೆ ನೂರಕ್ಕೆ 10 ಅಂಕ ಕೊಟ್ಟಿದ್ದಾಳೆ, ಆದರೆ ಇ.ಎಸ್.ಆರ್. 40. ಸೂತ್ರಕ್ಕೆ ಹಾಕಿದರೆ 2.72 ಬರುತ್ತದೆ, ಅಂದರೆ ಉಪಶಮನವಲ್ಲ! ಈಕೆಗೆ ಬೇಕಿರುವುದು ಬಹುಶಃ ಕಬ್ಬಿಣದ ಗುಳಿಗೆ. ಆ ಅಂಕವನ್ನಷ್ಟೇ ನಂಬಿದರೆ ಸಂಧಿವಾತದ ಔಷಧಿಯನ್ನು ಏರಿಸಿಬಿಡುತ್ತಾರೆ.

ಇದಕ್ಕೆ ತಿರುಗಾಮುರುಗಾ ಆಗುವುದೂ ಉಂಟು. ನಾಲ್ಕು ಕೀಲು ಊದಿವೆ, ಒತ್ತಿದರೆ ನೋವಿಲ್ಲ, ಇ.ಎಸ್.ಆರ್. 5, ರೋಗಿ ಕೊಟ್ಟ ಅಂಕ 10. ಲೆಕ್ಕ 1.83ಕ್ಕೆ ನಿಲ್ಲುತ್ತದೆ. ಅಂಕದ ಪ್ರಕಾರ ಪೂರ್ತಿ ಉಪಶಮನ. ಆದರೆ ನಾಲ್ಕು ಕೀಲುಗಳ ಒಳಪೊರೆ ಊದಿಕೊಂಡೇ ಇದೆ, ಮೂಳೆ ಕೊರೆಯುವ ಕೆಲಸ ನಡೆದೇ ಇದೆ. ನನ್ನ ಮಟ್ಟಿಗೆ ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಅಪಾಯದ್ದು, ಏಕೆಂದರೆ ಇದರಲ್ಲಿ ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಾರೆ.

ಈ ಕೊರತೆ ಕಂಡ ಮೇಲೆ ವಿಯೆನ್ನಾದ ವೈದ್ಯರು ಸರಳವಾದ ದಾರಿ ಹಿಡಿದರು. ವರ್ಗಮೂಲ ಬೇಡ, ಕೂಡಿಸಿದರೆ ಸಾಕು ಎಂದರು. ನೋಯುವ ಕೀಲು, ಊದಿದ ಕೀಲು, ರೋಗಿ ಹತ್ತಕ್ಕೆ ಕೊಡುವ ಅಂಕ, ವೈದ್ಯರು ಹತ್ತಕ್ಕೆ ಕೊಡುವ ಅಂಕ, ಮತ್ತು ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಯ ಫಲ. ಈ ಐದರ ಮೊತ್ತ ಎಸ್.ಡಿ.ಎ.ಐ., 2003ರದು. ಮೊತ್ತ 3.3 ಅಥವಾ ಅದಕ್ಕಿಂತ ಕಡಿಮೆಯಾದರೆ ಉಪಶಮನ. ಎರಡು ವರ್ಷದ ನಂತರ ಸಿ.ಆರ್.ಪಿ.ಯನ್ನೂ ಬಿಟ್ಟು ಉಳಿದ ನಾಲ್ಕನ್ನೇ ಕೂಡಿಸುವ ಸಿ.ಡಿ.ಎ.ಐ. ಬಂತು. ಅದರಲ್ಲಿ 2.8ರವರೆಗೆ ಉಪಶಮನ, 10ರವರೆಗೆ ಕಡಿಮೆ, 22ರವರೆಗೆ ಮಧ್ಯಮ, ಅದರಾಚೆ ಜೋರು.

ಮೇಲಿನ ಇಬ್ಬರನ್ನು ಸಿ.ಡಿ.ಎ.ಐ.ಗೆ ಹಾಕಿ ನೋಡಿ. ನೂರಕ್ಕೆ 10 ಎಂದರೆ ಇಲ್ಲಿ ಹತ್ತಕ್ಕೆ 1. ರಕ್ತಹೀನತೆಯ ಹೆಣ್ಣುಮಗಳ ಮೊತ್ತ, ವೈದ್ಯರು ಸೊನ್ನೆ ಕೊಟ್ಟರೆನ್ನಿ, 1. ಉಪಶಮನ ಖಚಿತ. ನಾಲ್ಕು ಕೀಲು ಊದಿದವರ ಮೊತ್ತ, ವೈದ್ಯರು 2 ಅಂಕ ಕೊಟ್ಟರೆನ್ನಿ, 7. ಉಪಶಮನವಲ್ಲ, ಔಷಧಿಯನ್ನು ಇನ್ನೊಮ್ಮೆ ಪರಿಶೀಲಿಸಬೇಕು. ಎರಡೂ ಸಲ ಸರಿಯಾದ ದಾರಿ ತೋರಿಸಿತು. ಅದೂ ರಕ್ತ ತೆಗೆಯದೆ, ವರದಿಗೆ ಕಾಯದೆ. ಹುಣಸೂರು, ಕೆ.ಆರ್. ನಗರಗಳಿಂದ ಮೈಸೂರು ನಲವತ್ತು ಚಿಲ್ಲರೆ ಕಿಲೋಮೀಟರ್, ಪಿರಿಯಾಪಟ್ಟಣದಿಂದ ಎಪ್ಪತ್ತರ ಹತ್ತಿರ. ಕಬಿನಿ ಹಿನ್ನೀರಿನ ಆಚೆಯ ಹಾಡಿಗಳಿಂದ ಒಂದು ದಿನದ ಕೂಲಿ ಬಿಟ್ಟೇ ಹೋಗಬೇಕು. ಇಂಥ ಕಡೆ ರಕ್ತಪರೀಕ್ಷೆ ಇಲ್ಲದೆ, ತಾಲ್ಲೂಕಿನಲ್ಲೇ, ಐದು ನಿಮಿಷದಲ್ಲಿ ಮುಗಿಯುವ ಅಳತೆಯೇ ಮೊದಲ ಆಯ್ಕೆಯಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಔಷಧಿಯ ಸುರಕ್ಷತೆಗಾಗಿ ರಕ್ತಪರೀಕ್ಷೆ ಬೇಕೇ ಬೇಕು, ಅದು ಬೇರೆ ಲೆಕ್ಕ.

ಸಿ.ಆರ್.ಪಿ. ಬಳಸುವವರಿಗೆ ಒಂದು ಎಚ್ಚರಿಕೆ. ಎಸ್.ಡಿ.ಎ.ಐ. ಕೇಳುವುದು ಒಂದು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು. ನಮ್ಮ ಅನೇಕ ಲ್ಯಾಬ್‌ಗಳು ಬರೆಯುವುದು ಒಂದು ಲೀಟರಿಗೆ ಎಷ್ಟು ಎಂದು. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ನೋಯುವ ಕೀಲು 2, ಊದಿದ್ದು 1, ರೋಗಿಯ ಅಂಕ 2, ವೈದ್ಯರದು 1, ಲ್ಯಾಬ್ ಚೀಟಿಯಲ್ಲಿ ಲೀಟರಿಗೆ 6. ಸರಿಯಾಗಿ ಕೂಡಿಸಿದರೆ 6.6, ಅಂದರೆ ಕಾಯಿಲೆ ಕಡಿಮೆ ಮಟ್ಟದಲ್ಲಿದೆ. ಹತ್ತರಿಂದ ಭಾಗಿಸದೆ ಕೂಡಿಸಿದರೆ 12, ಅಂದರೆ ಮಧ್ಯಮ. ಚೀಟಿಯಲ್ಲಿ ಅಂಕಿಯ ಪಕ್ಕ ಬರೆದಿರುವ ಸಣ್ಣ ಅಕ್ಷರವನ್ನು ಓದದೆ ಕೂಡಿಸಬೇಡಿ.

2011ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳೆರಡೂ ಒಟ್ಟಾಗಿ ಕುಳಿತು ಉಪಶಮನಕ್ಕೆ ಒಂದು ಬಿಗಿಯಾದ ವ್ಯಾಖ್ಯೆ ಕೊಟ್ಟವು. ಎಸ್.ಡಿ.ಎ.ಐ. 3.3 ಮೀರಬಾರದು ಎಂಬುದು ಒಂದು ದಾರಿ. ಇನ್ನೊಂದರಲ್ಲಿ ಕೂಡಿಸುವುದೇ ಇಲ್ಲ. ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ್ದೂ ಒಂದಕ್ಕಿಂತ ಹೆಚ್ಚಿರಬಾರದು, ಸಿ.ಆರ್.ಪಿ. ಡೆಸಿಲೀಟರಿಗೆ 1 ಮೀರಬಾರದು, ರೋಗಿಯ ಅಂಕ ಹತ್ತಕ್ಕೆ 1 ಮೀರಬಾರದು. ನಾಲ್ಕೂ ಒಟ್ಟಿಗೆ ನಿಜವಾಗಬೇಕು, ಒಂದು ತಪ್ಪಿದರೂ ಉಪಶಮನವಲ್ಲ.

ಆದರೆ ಆ ಕೊನೆಯ ಷರತ್ತಿನಲ್ಲಿ ಎಷ್ಟೋ ಜನ ಮುಗ್ಗರಿಸಿದರು. ಕೀಲು ಒಂದೂ ಊದಿಲ್ಲ, ರಕ್ತ ಚೆನ್ನಾಗಿದೆ, ಆದರೂ ರೋಗಿ 2 ಅಥವಾ 3 ಎನ್ನುತ್ತಾರೆ. ನಮ್ಮ ಕಡೆ ಇದು ಹೇಗಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ದಿನವಿಡೀ ಬಗ್ಗಿ ನಾಟಿ ಹಾಕಿದ ಸೊಂಟ ನೋಯುತ್ತದೆ, ಐವತ್ತು ದಾಟಿದ ಮಂಡಿ ಸವೆದಿರುತ್ತದೆ, ಸೊಪ್ಪು ಕಟ್ಟಿ ಕಟ್ಟಿ ಕತ್ತು ಹಿಡಿದಿರುತ್ತದೆ, ಮಗಳ ಮದುವೆಯ ಸಾಲದ ಚಿಂತೆಯಿಂದ ನಿದ್ದೆ ಇರುವುದಿಲ್ಲ. “ಹೆಂಗಿದ್ದೀರಿ?” ಎಂದರೆ ಎಲ್ಲವನ್ನೂ ಸೇರಿಸಿಯೇ ಅಂಕ ಬರುತ್ತದೆ. 2022ರಲ್ಲಿ ಎರಡೂ ಸಂಘಗಳು ಇದನ್ನು ಒಪ್ಪಿಕೊಂಡು ರೋಗಿಯ ಅಂಕದ ಮಿತಿಯನ್ನು 1ರಿಂದ 2ಕ್ಕೆ ಏರಿಸಿದವು. ಉಳಿದ ಮೂರು ಷರತ್ತುಗಳು ಹಾಗೆಯೇ ಇವೆ.

ಹಾಗಾಗಿ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಎಣಿಕೆಯಷ್ಟೇ ಮುಖ್ಯ. “ಹೆಂಗಿದ್ದೀರಿ” ಎಂದು ಕೇಳದೆ, “ಅಕ್ಕ, ಈ ಕೀಲು ಊದೋ ಕಾಯಿಲೆ ಒಂದನ್ನೇ ಲೆಕ್ಕಕ್ಕೆ ತಗೊಳ್ಳಿ. ಅದರಿಂದ ಇವತ್ತು ಎಷ್ಟು ತೊಂದರೆ ಇದೆ? ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು” ಎಂದು ಕೇಳಿ. ಹಿಂದಿನದಕ್ಕೆ ಹೋಲಿಸಿ ಆಣೆ ಲೆಕ್ಕ ಹೇಳಿದರೆ ತಾಳ್ಮೆಯಿಂದ ಕೇಳಿಕೊಂಡು, ಇವತ್ತಿನ ಮಾತಿಗೆ ಮತ್ತೆ ಕರೆತನ್ನಿ. ಸೊಂಟದ ನೋವನ್ನು ಬೇರೆಯಾಗಿ ಬರೆದುಕೊಳ್ಳಿ. ಅದಕ್ಕೂ ಚಿಕಿತ್ಸೆ ಬೇಕು, ಆದರೆ ಅದು ಸಂಧಿವಾತದ ಔಷಧಿ ಏರಿಸುವುದರಿಂದ ಸಿಗುವುದಿಲ್ಲ.

28ರ ಪಟ್ಟಿಯಲ್ಲಿ ಪಾದ ಇಲ್ಲ. ಹರಡೂ ಇಲ್ಲ. ಎಣಿಸಲು ಸುಲಭವಾಗಲೆಂದು ಅವುಗಳನ್ನು ಬಿಟ್ಟರು, ಬಹುಮಂದಿಗೆ ಅದು ಸಾಕಾಗುತ್ತದೆ ಕೂಡ. ಆದರೆ ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರ ಪಾದವನ್ನು ನೋಡದೆ ಕಳಿಸುವುದು ನನಗೆ ಸರಿಕಾಣುವುದಿಲ್ಲ. ಕಾಲ್ಬೆರಳುಗಳ ಬುಡವನ್ನು ಎರಡು ಬದಿಯಿಂದ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹಿಂಡಿ. ಮುಖ ಕಿವುಚಿದರೆ ಮೊತ್ತ ಎಷ್ಟೇ ಇರಲಿ, ವೈದ್ಯರಿಗೆ ತಿಳಿಸಿ. ಮೊತ್ತಕ್ಕೆ ಸೇರಿಸಬೇಡಿ, ಪಕ್ಕದಲ್ಲಿ ಬರೆಯಿರಿ.

ಅಳತೆಯನ್ನು ಕೆಡಿಸುವ ಇನ್ನೊಂದು ಸಂಗತಿ ಸ್ಟೆರಾಯ್ಡ್. ಎಲ್ಲೋ ಒಂದು ಇಂಜೆಕ್ಷನ್ ಹಾಕಿಸಿಕೊಂಡು, ಇಲ್ಲವೇ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಗುಳಿಗೆ ನುಂಗಿ ಬಂದವರ ಕೀಲು ಎರಡು ವಾರ ಅದ್ಭುತವಾಗಿರುತ್ತದೆ. ಊತ ಇಳಿದಿರುತ್ತದೆ, ಅಂಕವೂ ಇಳಿದಿರುತ್ತದೆ. ಅದು ಉಪಶಮನವಲ್ಲ. ವೈದ್ಯರೂ ಆರಂಭದಲ್ಲಿ ಸ್ಟೆರಾಯ್ಡ್ ಕೊಡುವುದುಂಟು, ಆದರೆ ಮುಖ್ಯ ಔಷಧಿ ಕೆಲಸ ಶುರುಮಾಡುವವರೆಗೆ ಮಾತ್ರ, ಬೇಗ ಇಳಿಸಿ ನಿಲ್ಲಿಸುವ ಲೆಕ್ಕದಲ್ಲಿ. ಆದ್ದರಿಂದ ಅಂಕದ ಪಕ್ಕದಲ್ಲಿ ಯಾವ ಗುಳಿಗೆಯ ಮೇಲೆ ಈ ಅಂಕ ಬಂತು, ಬೆಳಿಗ್ಗೆ ನೋವಿನ ಗುಳಿಗೆ ತಗೊಂಡಿದ್ದರೇ ಎಂಬುದನ್ನೂ ಬರೆಯಬೇಕು. ಬೈಯದೆ ಕೇಳಿದರೆ ಎಲ್ಲರೂ ನಿಜ ಹೇಳುತ್ತಾರೆ.

ಇಷ್ಟೆಲ್ಲ ಎಣಿಸಿ ಬರೆದರೆ ನಿಜಕ್ಕೂ ಪ್ರಯೋಜನವಿದೆಯೇ? ಇದೆ, ಮತ್ತು ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಸಾಕ್ಷ್ಯ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ 2004ರಲ್ಲಿ ಬಂತು. 110 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಚಿಕಿತ್ಸೆ. ಇನ್ನೊಂದು ಗುಂಪನ್ನು ಪ್ರತಿ ತಿಂಗಳೂ ಕರೆದು, ಅಂಕ ಲೆಕ್ಕ ಹಾಕಿ, ಗುರಿ ಮುಟ್ಟದಿದ್ದರೆ ಔಷಧಿಯನ್ನು ಒಂದು ಮೆಟ್ಟಿಲು ಏರಿಸುತ್ತಾ ಹೋದರು. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಶೇಕಡಾ 16, ಎರಡನೆಯದರಲ್ಲಿ ಶೇಕಡಾ 65 ಮಂದಿ ಉಪಶಮನಕ್ಕೆ ಬಂದಿದ್ದರು. ದುಬಾರಿಯಾದ ಹೊಸ ಇಂಜೆಕ್ಷನ್ ಯಾವುದೂ ಅದರಲ್ಲಿ ಇರಲಿಲ್ಲ. ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್‌ನಂಥ ಹಳೆಯ ಗುಳಿಗೆಗಳೇ, ಬೇಕಾದಾಗ ಕೀಲಿಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್. ಈ ಗುಳಿಗೆಗಳೆಲ್ಲ ನಮ್ಮಲ್ಲೂ ಸಿಗುತ್ತವೆ. ಗ್ಲಾಸ್ಗೋದವರು ಹೊಸದಾಗಿ ಸೇರಿಸಿದ್ದು ಎಣಿಕೆಯನ್ನು ಮತ್ತು ಎಣಿಕೆಗೆ ತಕ್ಕಂತೆ ನಡೆಯುವ ಶಿಸ್ತನ್ನು. ಈಗಿನ ಸಲಹೆಯೂ ಅದೇ ದಾರಿಯದು: ಕಾಯಿಲೆ ಜೋರಿರುವಾಗ ಒಂದರಿಂದ ಮೂರು ತಿಂಗಳಿಗೊಮ್ಮೆ ಅಳೆಯಿರಿ, ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ಅಥವಾ ಆರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ ಚಿಕಿತ್ಸೆ ಬದಲಿಸಿ.

ಮೆಥೊಟ್ರೆಕ್ಸೇಟ್ ಹೆಸರು ಬಂದ ಮೇಲೆ ಹೇಳದೆ ಮುಂದೆ ಹೋಗಲಾರೆ. ಇದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಗುಳಿಗೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಒಂದು ದಿನ ಗೊತ್ತುಮಾಡಿ, ಸಂತೆಯ ದಿನವಾದರೂ ಸರಿ, ಆ ದಿನದ ಹೆಸರನ್ನು ಚೀಟಿಯ ಮೇಲೂ ಡಬ್ಬಿಯ ಮೇಲೂ ದೊಡ್ಡದಾಗಿ ಬರೆಸಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬಿಡಬಾರದು. ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ಹೇಳಬೇಕು, ಗರ್ಭಿಣಿಯರಿಗೆ ಇದು ಕೂಡದು. ಕೆಲಸ ಕಾಣಿಸಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಬೇಸತ್ತು ಬಿಡುವವರೂ ಇದ್ದಾರೆ.

ಇಷ್ಟು ಬರೆದ ಮೇಲೆ ಯಾರಾದರೂ ಕೇಳುತ್ತಾರೆ, ಬೆರಳಿಗೆ ಸಿಗದ ಊತ ಇದ್ದರೆ? ಸ್ಕ್ಯಾನ್ ಮಾಡಿಸಬೇಡವೇ? ನಿಜ, ಉಪಶಮನದಲ್ಲಿದ್ದಾರೆ ಎಂದುಕೊಂಡವರ ಕೀಲುಗಳಲ್ಲೂ ಅಲ್ಟ್ರಾಸೌಂಡ್ ಕೆಲವೊಮ್ಮೆ ಒಳಗಿನ ಉರಿಯೂತ ತೋರಿಸುತ್ತದೆ. ಆದರೆ ಸ್ಕ್ಯಾನಿನಲ್ಲೂ ಪೂರ್ತಿ ಶುದ್ಧವಾಗುವವರೆಗೆ ಔಷಧಿ ಏರಿಸಿದರೆ ಹೆಚ್ಚು ಲಾಭವಾಗುತ್ತದೆಯೇ ಎಂದು ನಾರ್ವೆ ಮತ್ತು ಸ್ಕಾಟ್ಲೆಂಡಿನಲ್ಲಿ ನಡೆದ ಎರಡು ಅಧ್ಯಯನಗಳು ನೋಡಿದವು. 2016ರಲ್ಲಿ ಬಂದ ಫಲಿತಾಂಶಗಳಲ್ಲಿ ಅಂಥ ಹೆಚ್ಚುಗಾರಿಕೆ ಕಾಣಲಿಲ್ಲ. ಅನುಮಾನವಿದ್ದಾಗ ಸ್ಕ್ಯಾನ್ ಸರಿ, ಪ್ರತಿ ಭೇಟಿಗೂ ಬೇಕಿಲ್ಲ. ಬೆರಳಿನಿಂದ ಎಣಿಸುವುದು ಬಡವರ ಪಾಲಿನ ಎರಡನೆಯ ದರ್ಜೆಯ ವಿಧಾನವೇನಲ್ಲ.

ನಾವಿರುವುದು ಹೊಗೆಸೊಪ್ಪಿನ ನಾಡಿನಲ್ಲಿ, ಹಾಗಾಗಿ ಇನ್ನೊಂದು ಮಾತು ಅಗತ್ಯ. ಬೀಡಿ ಸಿಗರೇಟು ಸೇದುವವರಿಗೆ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂಬುದು, ಅದರಲ್ಲೂ ಕೆಲವು ವಂಶವಾಹಿ ಇರುವವರಲ್ಲಿ ಬಹಳ ಹೆಚ್ಚು ಎಂಬುದು ಸ್ವೀಡನ್ನಿನ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಅಲ್ಲಿಯದೇ ಇನ್ನೊಂದು ಅಧ್ಯಯನದಲ್ಲಿ ಸೇದದೆ ಬಾಯಲ್ಲಿಟ್ಟುಕೊಳ್ಳುವ ತಂಬಾಕಿಗೆ ಈ ಕಾಯಿಲೆಯ ನಂಟು ಕಾಣಲಿಲ್ಲ, ಅಂದರೆ ದೋಷ ಹೊಗೆಯಲ್ಲಿದೆ. (ಬಾಯಿಯ ಕ್ಯಾನ್ಸರ್ ಬೇರೆಯೇ ಆದ, ಅಷ್ಟೇ ದೊಡ್ಡ ವಿಷಯ.) ಸೇದುವವರಲ್ಲಿ ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದೂ ಕಡಿಮೆ. ಸೇದುತ್ತಲೇ ಉಪಶಮನ ಬೇಕೆಂದು ಬರುವ ಯಜಮಾನರಿಗೆ ಇದನ್ನು ನೇರವಾಗಿ ಹೇಳಬೇಕು. ಹೊಗೆಸೊಪ್ಪು ಬೆಳೆಯುವ, ಕಟ್ಟುವ ಹೆಂಗಸರಿಗೆ “ನಿಮ್ಮ ಕೆಲಸದಿಂದಲೇ ಬಂತು” ಎಂದು ಮಾತ್ರ ಹೇಳಬೇಡಿ. ಅಂಥ ಪುರಾವೆ ಇಲ್ಲದೆ ಹಾಗೆ ಹೇಳಿದರೆ ಅವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ.

ಕೊನೆಯದಾಗಿ, ಉಪಶಮನ ಸಿಕ್ಕಿದ ಮೇಲಿನ ಪ್ರಶ್ನೆ. ಸಿ.ಡಿ.ಎ.ಐ. ಅಂಕ 2.8ರ ಕೆಳಗೆ ಬಂದಿದೆ, ಒಂದು ಭೇಟಿಯಲ್ಲಲ್ಲ, ಆರು ತಿಂಗಳಿಂದ ಅಲ್ಲೇ ಇದೆ. ಗುಳಿಗೆ ಬಿಡಬಹುದೇ? ಬಹುಶಃ ಎಲ್ಲರೂ ಕೇಳುವುದು ಇದನ್ನೇ. ಮೊದಲು ನಿಲ್ಲಿಸಬೇಕಾದದ್ದು ಸ್ಟೆರಾಯ್ಡ್, ಇನ್ನೂ ಉಳಿದಿದ್ದರೆ. ಮುಖ್ಯ ಔಷಧಿಯನ್ನು ಇಳಿಸುವ ಬಗ್ಗೆ ನಾರ್ವೆಯವರ 2021ರ ಅಧ್ಯಯನವೊಂದು ಉಪಯುಕ್ತ. ಕನಿಷ್ಠ ಒಂದು ವರ್ಷ ಉಪಶಮನದಲ್ಲಿದ್ದವರಲ್ಲಿ ಕೆಲವರಿಗೆ ಅದೇ ಪ್ರಮಾಣ ಮುಂದುವರಿಸಿದರು, ಉಳಿದವರಿಗೆ ಅರ್ಧಕ್ಕೆ ಇಳಿಸಿದರು. ಮುಂದಿನ ಒಂದು ವರ್ಷದಲ್ಲಿ ಕಾಯಿಲೆ ಮತ್ತೆ ಕೆರಳಿದ್ದು ಮೊದಲ ಗುಂಪಿನಲ್ಲಿ ಶೇಕಡಾ 6 ಮಂದಿಗೆ, ಎರಡನೆಯದರಲ್ಲಿ ಶೇಕಡಾ 25 ಮಂದಿಗೆ. ಅರ್ಧಕ್ಕೆ ಇಳಿಸಿದವರಲ್ಲಿ ಮುಕ್ಕಾಲು ಪಾಲು ಜನ ಚೆನ್ನಾಗಿಯೇ ಇದ್ದರು ಎಂಬುದೂ ಇದರಲ್ಲೇ ಇದೆ. ಹಾಗಾಗಿ ಇಳಿಸುವುದು ಸಾಧ್ಯವಿಲ್ಲವೆಂದಲ್ಲ, ವೈದ್ಯರೊಂದಿಗೆ ಕುಳಿತು, ನಿಧಾನವಾಗಿ, ಅಳೆಯುತ್ತಾ ಇಳಿಸಬೇಕು. ತಾನಾಗಿ ಒಮ್ಮೆಲೇ ಬಿಡಬಾರದು, ಅದರಲ್ಲೂ ಸೊಪ್ಪು ಮುರಿಯುವ ಇಲ್ಲವೇ ನಾಟಿಯ ತಿಂಗಳುಗಳಲ್ಲಿ ಬೇಡವೇ ಬೇಡ. ಆಗ ಕೆರಳಿದರೆ ಆಸ್ಪತ್ರೆಗೆ ಬರಲು ಯಾರಿಗೂ ಪುರಸೊತ್ತು ಇರುವುದಿಲ್ಲ.

ಇದಕ್ಕೆಲ್ಲ ಬೇಕಾದ ಸಾಮಾನು ಒಂದು ನೋಟ್‌ಬುಕ್. ಭೇಟಿಗೆ ಒಂದು ಸಾಲು: ತಾರೀಖು, ನೋಯುವ ಕೀಲು, ಊದಿದ ಕೀಲು, ನಿಮ್ಮ ಅಂಕ, ವೈದ್ಯರ ಅಂಕ, ಮೊತ್ತ, ಆಗ ತೆಗೆದುಕೊಳ್ಳುತ್ತಿದ್ದ ಗುಳಿಗೆಗಳು. ತಾಲ್ಲೂಕು ಆಸ್ಪತ್ರೆಗೆ ಹೋದರೂ, ಸರಗೂರಿಗೆ ಹೋದರೂ, ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋದರೂ ಅದೇ ಪುಸ್ತಕ ಜೊತೆಗಿರಲಿ. ವೈದ್ಯರು ಅಂಕ ಹೇಳದಿದ್ದರೆ “ಸಾರ್, ಇವತ್ತು ಎಷ್ಟು ಬಂತು, ಬರೆದುಕೊಡಿ” ಎಂದು ಕೇಳಿ. ಮಧ್ಯೆ ಎರಡು ಮೂರು ಕೀಲು ಮತ್ತೆ ಊದಿ ಒಂದು ವಾರದೊಳಗೆ ಇಳಿಯದಿದ್ದರೆ, ಮುಂದಿನ ತಾರೀಖಿಗೆ ಕಾಯದೆ ಪುಸ್ತಕ ಹಿಡಿದು ಹೊರಡಿ.